ಆ ಬೆಲೆಗೆ ಮಾರ್ತೀರಾ?

"ನೀವು ಹೇಳೋ ಬೆಲೆಗೆ ನಿಮ್ಮ ಮನೆ ಇವತ್ತೇ ಮಾರ್ತೀರಾ?"

ಬುಧವಾರದಿಂದ ಈ ಪ್ರಶ್ನೆ ತಲೆಯೊಳಗೇ ಕೂತಿದೆ. ಕೇಳಿದವರು ಅಪ್ರೈಸಲ್ ರಿವ್ಯೂ ಬೋರ್ಡಿನ, ಅಂದರೆ ಮನೆ ಬೆಲೆಯ ತಕರಾರು ಕೇಳುವ ಮಂಡಳಿಯ, ಒಬ್ಬ ಹಿರಿಯರು. ಟೆಕ್ಸಾಸ್‌ನಲ್ಲಿ ಮನೆ ಇರುವವರಿಗೆ ಈ ವರ್ಷಾವರಿ ಜಾತ್ರೆ ಗೊತ್ತಿದ್ದದ್ದೇ. ಆಸ್ತಿ ಟ್ಯಾಕ್ಸಿಗಾಗಿ ಮನೆಗಳ ಬೆಲೆ ಕಟ್ಟುವ ಕಚೇರಿ, ಅಪ್ರೈಸಲ್ ಡಿಸ್ಟ್ರಿಕ್ಟ್, ನಮ್ಮ ಮನೆಗೆ ಕಟ್ಟಿದ ಬೆಲೆ 4,62,000 ಡಾಲರ್. ನಾನು ಹೇಳಿದ್ದು 4,20,000.

ಕಾರಣ, ಗೋಡೆಯ ಬಿರುಕು. ಅಡುಗೆಮನೆ ಬಾಗಿಲ ಮೂಲೆಯಿಂದ ಸೂರಿನವರೆಗೂ ಓರೆಯಾಗಿ ಹೋಗಿದೆ. ಕ್ವಾರ್ಟರ್ ನಾಣ್ಯ ಸಲೀಸಾಗಿ ಒಳಗೆ ಹೋಗುತ್ತೆ. ಇಲ್ಲಿನ ಜೇಡಿಮಣ್ಣು ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ, ಫೌಂಡೇಶನ್ ಕೂರುತ್ತೆ. ಫೋಟೋ, ರಿಪೇರಿ ಕೊಟೇಶನ್ ಎಲ್ಲ ಕೊಟ್ಟಿದ್ದೆ. ಡಿಸ್ಟ್ರಿಕ್ಟ್ ಕಡೆಯ ಹುಡುಗ ಪುಟ ತಿರುಗಿಸಲೇ ಇಲ್ಲ. ಪಾಪ, ದಿನಕ್ಕೆ ಎಷ್ಟು ಮನೆ ನೋಡಬೇಕೋ. ಆದರೂ ಅದನ್ನು ಪೇಂಟಿನ ಸಮಸ್ಯೆ ಅಂದದ್ದು ಅತಿಯಾಯ್ತು.

"ಮಾರೋಕೆ ಇಟ್ಟಿಲ್ಲ ಸರ್" ಅಂದೆ. "ನೋಡಿದ್ರಾ, ಹಾಗಿದ್ರೆ ಬೆಲೆ ಜಾಸ್ತೀನೇ ಇದೆ" ಅಂತ ನಕ್ಕರು. 4,55,000ಕ್ಕೆ ಇಳಿಸಿ ಕಳಿಸಿದರು.

ಮಾರಲು ಮನಸ್ಸಿಲ್ಲ ಅನ್ನೋದಕ್ಕೂ ಮಾರುಕಟ್ಟೆ ಬೆಲೆಗೂ ಏನು ಸಂಬಂಧ? ಮಗಳ ಸ್ಕೂಲು ಹತ್ತಿರ, ಅಪ್ಪ ಬಂದರೆ ವಾಕಿಂಗಿಗೆ ಜೊತೆ ಸಿಗ್ತಾರೆ. ಇದಕ್ಕೂ ಟ್ಯಾಕ್ಸಾ? ಹಾಗಂತ ನಮ್ಮವರೇನೂ ಕಮ್ಮಿಯಿಲ್ಲ. ಯುಗಾದಿ ಊಟದಲ್ಲಿ ಮನೆ ಬೆಲೆ ಹೇಳಿ ಮೀಸೆ ತಿರುವಿದವರೇ ಮೇ 15ರೊಳಗೆ ಪ್ರೊಟೆಸ್ಟ್ ಹಾಕಿ, ಮನೆ ಬಿದ್ದೇ ಹೋಗ್ತಿದೆ ಅಂತಾರೆ. ಮಾರಿದ ಬೆಲೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮ ಈ ರಾಜ್ಯದಲ್ಲಿಲ್ಲ. ಎಲ್ಲರೂ ಅಂದಾಜಿನ ಮೇಲೇ ಜಗಳ ಆಡೋದು.

ಬೋರ್ಡ್ ಹೇಳಿದ ಮೇಲೆ ಮುಗೀತು ಅಂತ ಎಷ್ಟೋ ಜನ ಸುಮ್ಮನಾಗ್ತಾರೆ. ಮುಗಿದಿರಲ್ಲ. ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಗಬಹುದು, ಆದರೆ ಉಳಿಸಿದ ಟ್ಯಾಕ್ಸನ್ನು ವಕೀಲರ ಫೀಸೇ ನುಂಗುತ್ತೆ. ನಮ್ಮಂಥವರಿಗೆ ಸರಿ ಹೊಂದೋದು ಬೈಂಡಿಂಗ್ ಆರ್ಬಿಟ್ರೇಷನ್, ಅಂದರೆ ಎರಡೂ ಕಡೆಯವರು ಒಪ್ಪಲೇಬೇಕಾದ ಮಧ್ಯಸ್ಥರ ತೀರ್ಪು. ಆದೇಶ ಕೈಸೇರಿದ 60 ದಿನದೊಳಗೆ ಅರ್ಜಿ ಹಾಕಬೇಕು. ವಾಸದ ಮನೆ 5 ಲಕ್ಷ ಡಾಲರ್ ಮೀರದಿದ್ದರೆ ಡೆಪಾಸಿಟ್ 450. ಬೋರ್ಡಿಗೆ ಸಂಬಂಧವಿಲ್ಲದ ಒಬ್ಬರು ಕೇಳ್ತಾರೆ. ಅವರು ಹೇಳುವ ಬೆಲೆ ಬೋರ್ಡಿನದಕ್ಕಿಂತ ನಮ್ಮದಕ್ಕೆ ಹತ್ತಿರ ಇದ್ದರೆ 50 ಕಳೆದು ಉಳಿದದ್ದು ವಾಪಸ್, ಅವರ ಫೀಸು ಡಿಸ್ಟ್ರಿಕ್ಟಿನ ತಲೆಗೆ. ಇಲ್ಲದಿದ್ದರೆ ದುಡ್ಡು ಹೋಯ್ತು.

ಹಾಗಾಗಿ ಈಗ ಜಗಳ ಮನೆಯೊಳಗೆ. ಫಾರಮ್ಮಿನಲ್ಲಿ 4,30,000 ಬರೆಯೋಣ, ಆ ಮಧ್ಯಸ್ಥರು ಇದಕ್ಕೂ ಬೋರ್ಡಿನ 4,55,000ಕ್ಕೂ ನಡುಮಧ್ಯದ 4,42,500ಕ್ಕಿಂತ ಕೆಳಗೆ ಹೇಳಿದರೆ ಸಾಕು, ಡೆಪಾಸಿಟ್ ಉಳಿಯುತ್ತೆ ಅಂತ ನಾನು. "ಬಿರುಕೇನು ಚಿಕ್ಕದಾಯ್ತಾ? 4,20,000ನೇ ಬರೀರಿ" ಅಂತ ಇವಳು.