ಬಿಸಿ ಖಾರಾ ಬನ್‌ಗೆ ನಡೆದೇ ಹೋಗಬೇಕು

ಭಾನುವಾರ ಬೆಳಗ್ಗೆ ಬಟ್ಟೆ ಚೀಲ ಹಿಡಿದು ಮನೆಯಿಂದ ಹೊರಟುಬಿಡುತ್ತೇನೆ. ಬೆಂಗಳೂರಿನ ಹನುಮಂತನಗರದಿಂದ ಬಸವನಗುಡಿ ದೇವಸ್ಥಾನದ ಮುಂದೆ ಹಾದು, ರಾಮಕೃಷ್ಣ ಆಶ್ರಮದ ಸರ್ಕಲ್ ದಾಟಿ ಗಾಂಧಿ ಬಜಾರ್. ಅಲ್ಲಿಂದ ನ್ಯಾಷನಲ್ ಕಾಲೇಜು ಕಡೆಯಿಂದ ವಿ.ವಿ. ಪುರಂ. ಮನೆಯಲ್ಲಿ ಸ್ಕೂಟರ್ ಇದೆ, ಆದರೆ ಈ ದಾರಿಗೆ ಅದನ್ನ ತೆಗೆಯುವುದಿಲ್ಲ.

ಗಾಂಧಿ ಬಜಾರ್‌ನಲ್ಲಿ ಮೊದಲು ಸಿಗುವುದು ವಾಸನೆ. ಮಲ್ಲಿಗೆ, ಬಾಳೆಹಣ್ಣು, ಒದ್ದೆ ಗೋಣಿಚೀಲ. ಡಿಸೆಂಬರ್ ಬಂತೆಂದರೆ ಇದೆಲ್ಲದರ ಮೇಲೆ ಮಾಗಡಿ ಅವರೆಯ ಸೊಗಡು. ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರು ಆಗಲೇ ಸೇರಿರುತ್ತಾರೆ. 1943ರಿಂದ ಇರುವ ಹೋಟೆಲ್, ಅವರು ಕಾಯುವುದು ನ್ಯಾಯವೇ. ನನಗೆ ಮಾತ್ರ ಆ ಹೊತ್ತಿಗೆ ಸೊಪ್ಪಿನ ಅಜ್ಜಿ ಮುಖ್ಯ. ಕನಕಪುರ ರಸ್ತೆ ಕಡೆಯ ಹಳ್ಳಿಯಿಂದ ತಾವೇ ಬೆಳೆದ ಸೊಪ್ಪು ತರುತ್ತಾರೆ. ದಂಟು, ಮೆಂತ್ಯ, ಸಬ್ಬಸಿಗೆ, ಅಷ್ಟೇ.

"ಎಳೇದಾ ಅಜ್ಜಿ?" ಅಂದರೆ, "ನೀನೇ ಮುರಿದು ನೋಡವ್ವ, ಬೆಳಗಿನ ಜಾವ ಕಿತ್ತಿದ್ದು" ಅಂತಾರೆ. ಸಬ್ಬಸಿಗೆಯ ದಂಟು ಮುರಿದರೆ ಚಟ್ ಅನ್ನಬೇಕು, ನಾರು ಎಳೆಯಬಾರದು. ಚೌಕಾಸಿ ಮಾಡುವುದಿಲ್ಲ. ನಾವು ಏಳುವ ಮೊದಲೇ ಗದ್ದೆಯಲ್ಲಿ ಬಗ್ಗಿ ಕಿತ್ತವರ ಹತ್ತಿರ ಐದು ರೂಪಾಯಿಗೆ ಎಳೆದಾಡುವುದು ನನಗೆ ಸರಿ ಕಾಣುವುದಿಲ್ಲ.

ಸಬ್ಬಸಿಗೆಯ ವಿಷಯ ಸುಮ್ನೆ ಹೇಳುತ್ತಿಲ್ಲ. ಖಾರಾ ಬನ್‌ನ ಜೀವ ಇರುವುದೇ ಅದರಲ್ಲಿ. ಹಸಿಮೆಣಸು, ಈರುಳ್ಳಿ, ಕರಿಬೇವು, ಕೊತ್ತಂಬರಿ ಎಲ್ಲ ಇದ್ದೂ ಸಬ್ಬಸಿಗೆ ಇಲ್ಲದಿದ್ದರೆ ಅದು ಬರೀ ಮೆಣಸಿನಕಾಯಿ ಹಾಕಿದ ಬ್ರೆಡ್. ಜಾಸ್ತಿಯಾದರೆ ಮತ್ತೆ ಕಹಿ.

1898ರಲ್ಲಿ ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದರು. ಅಯ್ಯಂಗಾರ್ ಬೇಕರಿಗಳ ಕಥೆ ಅಲ್ಲಿಂದ ಶುರು. ಬ್ರಿಟಿಷರ ಬ್ರೆಡ್ಡಿಗೆ ನಮ್ಮ ಒಗ್ಗರಣೆಯ ರುಚಿ ಸೇರಿಸಿ, ಮೊಟ್ಟೆ ಬಿಟ್ಟು, ಮಡಿ ಮಾಡುವ ಅಜ್ಜಿಯಂದಿರೂ ತಿನ್ನುವ ಹಾಗೆ ಮಾಡಿದ್ದು ಸಣ್ಣ ಕೆಲಸವಲ್ಲ. ವಿ.ವಿ. ಪುರಂನ ವಿ.ಬಿ. ಬೇಕರಿ ಕೂಡ 1953ರಿಂದ ಇದೆ.

ನಾನು ಹೋಗುವುದು ಒಳಗಿನ ಅಡ್ಡರಸ್ತೆಯ ಪುಟ್ಟ ಬೇಕರಿಗೆ. ಬಿಸಿ ಟ್ರೇ ಹೊರಗೆ ಬರುವ ಹೊತ್ತು ನನಗೆ ಗೊತ್ತು, ಹಾಗಾಗಿ ಗಾಂಧಿ ಬಜಾರ್‌ನಲ್ಲಿ ಸ್ವಲ್ಪ ನಿಧಾನ ಮಾಡಿಯೇ ಹೋಗುತ್ತೇನೆ. ಟ್ರೇಯಲ್ಲಿ ಬನ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವರು ಕೈಯಲ್ಲೇ ಬಿಡಿಸಿ ಕೊಡುತ್ತಾರೆ. ಮೇಲೆ ಕಂದು ಬಣ್ಣದ ಹೊಳಪು, ಬಿಡಿಸಿದ ಪಕ್ಕದಲ್ಲಿ ಬಿಳಿ ಎಳೆ ಎಳೆ, ಅದರೊಳಗೆ ಹಸಿರು ಸಬ್ಬಸಿಗೆ, ಹಬೆ. ಒಂದನ್ನ ಅಲ್ಲೇ ನಿಂತು ತಿನ್ನುತ್ತೇನೆ. ಮಧ್ಯ ಸೀಳಿ ಬೆಣ್ಣೆ ಸವರಿ ಕಾಂಗ್ರೆಸ್ ಕಡಲೆಕಾಯಿ, ಅಂದರೆ ಹುರಿದು ಖಾರ ಹಚ್ಚಿದ ಕಡಲೆಬೀಜ, ತುಂಬಿಸಿಕೊಂಡರೆ ಇನ್ನೂ ಚೆನ್ನ. ಬೆಣ್ಣೆ ಕರಗಿ ಮೊಣಕೈವರೆಗೆ ಇಳಿಯುತ್ತದೆ, ಇಳಿಯಲಿ.

ಒಂದು ಸಲ ಮಳೆ ಅಂತ ಆ್ಯಪ್‌ನಲ್ಲಿ ತರಿಸಿದ್ದೆ. ಪ್ಲಾಸ್ಟಿಕ್ ಕವರ್‌ನ ಬಾಯಿ ಬಿಗಿದು ಕಟ್ಟಿದ್ದರು. ಹಬೆಯೆಲ್ಲ ಒಳಗೇ ನೀರಾಗಿ, ಬನ್‌ನ ಮೇಲ್ಮೈ ಸಿಪ್ಪೆ ಥರ ಕಿತ್ತು ಬಂತು. ತುಂಬಾ ಬೇಜಾರಾಯಿತು. ಬಿಸಿ ಬನ್ ಯಾವತ್ತೂ ಪೇಪರ್ ಕವರ್‌ನಲ್ಲಿ, ಬಾಯಿ ತೆರೆದೇ ತರಬೇಕು. ಅದಕ್ಕೂ ಒಳ್ಳೆಯದು ಒಲೆಯ ಹತ್ತಿರ ನಾವೇ ಹೋಗುವುದು. ಅಲ್ಲಿ ಸಿಗುವ ಮೊದಲ ಐದು ನಿಮಿಷದ ರುಚಿಯನ್ನ ಯಾರೂ ಮನೆಗೆ ತಂದುಕೊಡಲು ಆಗುವುದಿಲ್ಲ, ಅಲ್ವಾ?

ವಾಪಸ್ ಬರುವಾಗ ಸೊಪ್ಪು ಕೆಳಗೆ, ಬನ್ ಮೇಲೆ. ಮನೆ ಮುಟ್ಟುವಷ್ಟರಲ್ಲಿ ಅಮ್ಮ ಡಿಕಾಕ್ಷನ್ ಇಳಿಸಿಟ್ಟಿರುತ್ತಾರೆ. ಚೀಲಕ್ಕೆ ಕೈಹಾಕಿ ಬನ್ ಪಕ್ಕಕ್ಕಿಟ್ಟು, ಮೊದಲು ಸಬ್ಬಸಿಗೆಯ ಒಂದು ದಂಟು ತೆಗೆದು ಕಿವಿ ಹತ್ತಿರ ಹಿಡಿದು ಮುರಿಯುತ್ತಾರೆ. ಚಟ್. "ಹೂಂ, ಕೂತ್ಕೋ, ಕಾಫಿ ಕೊಡ್ತೀನಿ."