ಹಿಂದೆ ನಿಂತವನ ಎರಡು ಗೋಲು

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಾಲೆಯಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾಗಿದ್ದು ಪಿ.ಇ. ಮೇಷ್ಟ್ರ ರೂಮಿನ ಕಬ್ಬಿಣದ ಬೀರು. ಅದರ ಬಾಗಿಲಿನ ಒಳಗಡೆ ಪೇಪರಿನಿಂದ ಕತ್ತರಿಸಿದ ಒಂದು ಕಪ್ಪು ಬಿಳುಪು ಫೋಟೊ ಅಂಟಿಸಿದ್ದರು. ಆಟಗಾರನೊಬ್ಬ ಮೊಣಕಾಲೂರಿ ಕೂತಿದ್ದಾನೆ, ತುಟಿಯ ಮೇಲೆ ಬೆರಳು. ಈಗಷ್ಟೇ ಗೋಲ್ ಹೊಡೆದವನ ಹಾಗೆ ಕಾಣುವುದೇ ಇಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುವವನ ಹಾಗಿದ್ದಾನೆ. ಅವನು ಲಿಲಿಯನ್ ತುರಾಮ್, ಫ್ರಾನ್ಸ್ ಫುಟ್‌ಬಾಲ್ ಟೀಮಿನ ಡಿಫೆಂಡರ್, ಅಂದರೆ ಗೋಲು ತಡೆಯಲು ಹಿಂದೆ ನಿಲ್ಲುವವನು.

ನಾನು ಈ ಶಾಲೆಗೆ ಸೇರಿದ್ದು 1997ರಲ್ಲಿ, ಎಂಟನೇ ಕ್ಲಾಸಿಗೆ. ಲಿಂಗಸುಗೂರು ಕಡೆಯ ಹಳ್ಳಿ ನಮ್ಮದು. ಮಳೆ ಕೈಕೊಟ್ಟ ವರ್ಷ ಅಪ್ಪ ಗಾರೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರು. ಮರುವರ್ಷ ನಮ್ಮನ್ನೂ ಕರೆಸಿಕೊಂಡರು. ಮೊದಲ ದಿನ ಹಾಜರಿ ಕೂಗಿದಾಗ 'ಅದೀನ್ರಿ ಸರ' ಎಂದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮಧ್ಯಾಹ್ನ ಡಬ್ಬಿ ತೆಗೆಯುವಷ್ಟರಲ್ಲಿ ಹೊಸ ಹೆಸರೂ ಸಿಕ್ಕಿತ್ತು: ರೊಟ್ಟಿ. ಮನೆಗೆ ಬಂದು ಅತ್ತುಬಿಟ್ಟೆ. 'ಅಂದ್ರ ಅನ್ಲಿ ಬಿಡು, ರೊಟ್ಟಿ ತಿಂದ್ರನ ಕಾಲಾಗ ಬಲ ಬರ್ತದ' ಎಂದಳು ಅವ್ವ.

ಮೇಷ್ಟ್ರು ನನ್ನ ಕಾಲು ನೋಡಿಯೇ ಟೀಮಿಗೆ ಹಾಕಿಕೊಂಡರು. 'ಹಿಂದೆ ನಿಲ್ಲು' ಎಂದರು. ಹೊಸಬರಿಗೆ ಸಿಗುತ್ತಿದ್ದ ಜಾಗವೇ ಅದು. ಮುಂದೆ ಆಡಲು ಎಲ್ಲರಿಗೂ ಆಸೆ, ಬಲಗಡೆ ಹಿಂದೆ ನಿಲ್ಲುವ ರೈಟ್ ಬ್ಯಾಕ್ ಯಾರಿಗೆ ಬೇಕು? ನನಗೋ ಸಾಲು ಹಿಡಿದು ನಿಲ್ಲುವ ಅಭ್ಯಾಸವಿರಲಿಲ್ಲ. ಡಿಫೆಂಡರ್‌ಗಳೆಲ್ಲ ಒಂದೇ ಸಾಲಿನಲ್ಲಿ ಮುಂದೆ ಸರಿದರೆ, ಅವರ ಹಿಂದೆ ಪಾಸ್‌ಗೆ ಕಾಯುವ ಎದುರಾಳಿ ಆಫ್‌ಸೈಡ್, ಅವನ ಗೋಲು ನಡೆಯುವುದಿಲ್ಲ. ನಡುವಿನ ಸ್ಟಾಪರ್‌ಗಳು ಮುಂದೆ ಹೋದರೆ ನಾನು ಹಿಂದೆಯೇ ಉಳಿಯುತ್ತಿದ್ದೆ, ಎದುರಾಳಿ ಆಫ್‌ಸೈಡ್ ಆಗದೆ ಬಚಾವ್ ಆಗುತ್ತಿದ್ದ. 'ಲೈನ್ ಬಿಡಬೇಡ್ವೋ ರೊಟ್ಟಿ!' ಎಂದು ಮೇಷ್ಟ್ರು ಕೂಗುವುದು ಬಸ್ ಸ್ಟಾಪಿನವರೆಗೂ ಕೇಳಿಸುತ್ತಿತ್ತು.

1998ರ ವಿಶ್ವಕಪ್ಪಿನ ಫ್ರಾನ್ಸ್–ಕ್ರೊವೇಷಿಯಾ ಸೆಮಿಫೈನಲ್ ಪ್ಯಾರಿಸ್ ಪಕ್ಕದಲ್ಲಿ ಜುಲೈ 8ರ ರಾತ್ರಿ, ನಮಗೆ ಆಗ ತಾರೀಕು 9, ಮಧ್ಯರಾತ್ರಿ 12.30. ಹತ್ತಿರದ ಮನೆಗಳ ನಾಲ್ಕು ಹುಡುಗರನ್ನು ಮೇಷ್ಟ್ರು ಮನೆಗೆ ಕರೆದಿದ್ದರು. ಮೇಷ್ಟ್ರ ಹೆಂಡತಿ ಗೊಣಗುತ್ತಲೇ ಚುರುಮುರಿ ಕಲಸಿಕೊಟ್ಟರು. ಫ್ರಾನ್ಸಿನ ಡಿಫೆನ್ಸಿನಲ್ಲಿ ತುರಾಮ್, ಬ್ಲಾಂ, ದೆಸಾಯಿ, ಲಿಜಾರಾಜು. ದೆಸಾಯಿ ಹುಟ್ಟಿದ್ದು ಘಾನಾದಲ್ಲಿ. ಹೆಸರು ಕೇಳಿದ್ದೇ ತಡ, 'ನಿಮ್ಮ ಕಡೆಯವರೂ ಒಬ್ಬರಿದ್ದಾರೆ ನೋಡೋ, ವಾಡೆ ದೇಸಾಯರು!' ಎಂದು ಮೇಷ್ಟ್ರು ನನ್ನ ಬೆನ್ನಿಗೆ ಗುದ್ದಿದರು.

ಮಧ್ಯಂತರ ಮುಗಿದು ಒಂದು ನಿಮಿಷವೂ ಆಗಿರಲಿಲ್ಲ, ಕ್ರೊವೇಷಿಯಾದ ಶುಕರ್ ಗೋಲ್ ಹೊಡೆದ. ರೀಪ್ಲೇ ತೋರಿಸಿದರು. ಉಳಿದ ಡಿಫೆಂಡರ್‌ಗಳು ಮುಂದೆ ಬಂದಿದ್ದಾರೆ, ಬಲಗಡೆ ಒಬ್ಬ ಮಾತ್ರ ಹಿಂದೆ ಉಳಿದಿದ್ದಾನೆ. ತುರಾಮ್! ಮೇಷ್ಟ್ರು ಏನೂ ಹೇಳಲಿಲ್ಲ. ಮೂವರು ಹುಡುಗರೂ ತಿರುಗಿ ನನ್ನ ಮುಖ ನೋಡಿದರು.

ಆಮೇಲೆ ಆಗಿದ್ದನ್ನು ಎಷ್ಟು ಸಲ ನೆನಸಿಕೊಂಡಿದ್ದೇನೋ ಲೆಕ್ಕವಿಲ್ಲ. ಮರುನಿಮಿಷವೇ ಅದೇ ತುರಾಮ್ ಎದುರಾಳಿಗಳ ಪೆನಾಲ್ಟಿ ಬಾಕ್ಸಿನ ಹತ್ತಿರ ಇದ್ದಾನೆ. ಅಲ್ಲಿ ಅವನಿಗೇನು ಕೆಲಸ? ಕ್ರೊವೇಷಿಯಾದ ಬೊಬಾನ್ ಚೆಂಡು ಇಟ್ಟುಕೊಂಡು ಸ್ವಲ್ಪ ತಡ ಮಾಡಿದ. ತುರಾಮ್ ಕಿತ್ತುಕೊಂಡ, ಜೊತೆಯಾಟಗಾರ ಜೋರ್ಕಾಯೆಫ್‌ಗೆ ಕೊಟ್ಟ, ವಾಪಸ್ ಪಡೆದ, ಒಳಗೆ ತಳ್ಳಿದ. 1-1. ಎಪ್ಪತ್ತನೇ ನಿಮಿಷದ ಹೊತ್ತಿಗೆ ಇನ್ನೊಂದು, ಅದೂ ದೂರದಿಂದ, ಎಡಗಾಲಿನಲ್ಲಿ! ಬಾಲ್ ತಿರುಗಿಕೊಂಡು ಹೋಗಿ ಮೂಲೆ ಸೇರಿತು. ಆಗಲೇ ಅವನು ಮೊಣಕಾಲೂರಿ ತುಟಿಗೆ ಬೆರಳಿಟ್ಟಿದ್ದು. ನಾಲ್ಕು ದಿನದ ಮೇಲೆ ಬ್ರೆಜಿಲ್ ವಿರುದ್ಧ 3-0 ಗೆದ್ದು ಫ್ರಾನ್ಸ್ ಕಪ್ ಎತ್ತಿತು. ನನಗೆ ಆ ಫೈನಲ್ ಅಷ್ಟು ನೆನಪಿಲ್ಲ.

ತುರಾಮ್ ಕತೆ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ, ಗಂಟೆಗೆ ದುಡ್ಡು ಕೊಟ್ಟು ಸೈಬರ್ ಸೆಂಟರಿನಲ್ಲಿ ಕೂತಾಗ. ಹುಟ್ಟಿದ್ದು 1972ರ ಜನವರಿ 1ರಂದು ಗ್ವಾಡಲೂಪ್‌ನಲ್ಲಿ. ಅದು ಕೆರಿಬಿಯನ್ ಸಮುದ್ರದ ದ್ವೀಪ, ಆದರೆ ಫ್ರಾನ್ಸ್ ದೇಶಕ್ಕೇ ಸೇರಿದ್ದು. ಐದು ಮಕ್ಕಳ ತಾಯಿ ಮೊದಲು ಒಬ್ಬರೇ ಪ್ಯಾರಿಸ್ ಕಡೆ ಹೋಗಿ ಕ್ಲೀನಿಂಗ್ ಕೆಲಸ ಮಾಡಿದರು. 1981ರಲ್ಲಿ ಮಕ್ಕಳನ್ನು ಕರೆಸಿಕೊಂಡರು. ಒಂಬತ್ತು ವರ್ಷದ ಹುಡುಗನಿಗೆ ಕ್ಲಾಸಿನವರು ಇಟ್ಟ ಹೆಸರು ಟಿವಿ ಕಾರ್ಟೂನಿನ ಒಂದು ಕಪ್ಪು ಹಸುವಿನದು, ಅದೂ ದಡ್ಡ ಹಸು. ಮನೆಗೆ ಬಂದು ಯಾಕೆ ಹೀಗೆ ಅಂತ ಕೇಳಿದರೆ, ಜನ ಇರೋದೇ ಹೀಗೆ, ಬದಲಾಗಲ್ಲ ಎಂಬಂತೆ ಅಮ್ಮ ಉತ್ತರ ಕೊಟ್ಟರಂತೆ. ಇದನ್ನು ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಓದುತ್ತಾ ಪಕ್ಕದ ಕಂಪ್ಯೂಟರಿನವನಿಗೆ ಕಾಣಬಾರದೆಂದು ಮುಖ ಒರೆಸಿಕೊಂಡೆ. ಅವರದ್ದೂ ಒಂದೇ ದೇಶ, ನಮ್ಮದೂ ಒಂದೇ ರಾಜ್ಯ, ಅಲ್ವಾ? ಆದರೂ ಇಬ್ಬರೂ ಹೊರಗಿನವರು. ನನ್ನದು ಬರೀ ರೊಟ್ಟಿ, ಅವರದ್ದು ಮೈಬಣ್ಣ. ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಡಬಹುದು.

ತುರಾಮ್ ಫಾಂಟೆನ್‌ಬ್ಲೋ ಊರಿನಲ್ಲಿ ಪೋರ್ಚುಗೀಸ್ ವಲಸಿಗರ ಕ್ಲಬ್ಬಿನಲ್ಲಿ ಆಡುತ್ತಾ ಬೆಳೆದರು. ಮೊನಾಕೊ ಕ್ಲಬ್ಬಿನಲ್ಲಿ ಕೋಚ್ ಆರ್ಸೆನ್ ವೆಂಗರ್ ಕೈಗೆ ಸಿಕ್ಕರು. 1996ರಿಂದ ಇಟಲಿಯ ಪಾರ್ಮಾ, 2001ರಿಂದ ಯುವೆಂಟಸ್, ಕೊನೆಗೆ ಬಾರ್ಸಿಲೋನಾ. 2008ರಲ್ಲಿ ಪ್ಯಾರಿಸ್ಸಿನ ಕ್ಲಬ್ ಸೇರುವ ಮುಂಚೆ ನಡೆದ ಪರೀಕ್ಷೆಯಲ್ಲಿ ಹೃದಯದ ತೊಂದರೆ ಕಂಡು ಆಟ ನಿಲ್ಲಿಸಿದರು. ಫ್ರಾನ್ಸ್ ಪರ ಒಟ್ಟು 142 ಪಂದ್ಯ, ಆಗ ಅದೇ ದಾಖಲೆ. ಗೋಲು? ಎರಡೇ ಎರಡು. ಅವತ್ತು ರಾತ್ರಿ ಚುರುಮುರಿ ಜೊತೆ ನಾವು ನೋಡಿದ ಆ ಎರಡೇ! ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಆದರೆ ಬಾಯಿ ಸುಮ್ನೆ ಇಟ್ಟುಕೊಂಡವರಲ್ಲ. ಫ್ರಾನ್ಸ್ ಟೀಮಿನಲ್ಲಿ ಹೊರಗಿನವರೇ ಜಾಸ್ತಿ ಎಂದು ಅಲ್ಲಿನ ರಾಜಕಾರಣಿ ಲ ಪೆನ್ ಗೊಣಗಿದಾಗ ಎದುರು ಮಾತಾಡಿದರು. 2006ರಲ್ಲಿ ಕಾಗದಪತ್ರ ಇಲ್ಲದ ವಲಸಿಗರನ್ನು ಪ್ಯಾರಿಸ್ ಪಕ್ಕದ ಕಾಶಾಂ ಊರಿನ ಕಟ್ಟಡದಿಂದ ಪೊಲೀಸರು ಹೊರಹಾಕಿದರು. ತುರಾಮ್ ಮತ್ತು ಫ್ರಾನ್ಸ್ ಟೀಮಿನದೇ ವಿಯೆರಾ ಆ ಜನಕ್ಕೆ ಟಿಕೆಟ್ ಕೊಡಿಸಿ ಫ್ರಾನ್ಸ್–ಇಟಲಿ ಪಂದ್ಯಕ್ಕೆ ಕರೆದರು. ಈಗ ವರ್ಣಭೇದದ ವಿರುದ್ಧ ಅವರದ್ದೇ ಒಂದು ಸಂಸ್ಥೆ ಇದೆ, ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡುತ್ತಾರೆ.

ನನ್ನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಈ ಶಾಲೆಯ ಪರ ಎರಡು ವರ್ಷ ಆಡಿ ನಾನು ಹೊಡೆದ ಗೋಲು ಒಂದು. ನಮ್ಮದೇ ಪೋಸ್ಟಿಗೆ.

ಮೇಷ್ಟ್ರು ಈಗ ರಿಟೈರ್ ಆಗಿ ಮೈಸೂರಿನಲ್ಲಿದ್ದಾರೆ. 2022ರ ಡಿಸೆಂಬರಿನಲ್ಲಿ ವಿಶ್ವಕಪ್ಪಿನ ಫ್ರಾನ್ಸ್–ಇಂಗ್ಲೆಂಡ್ ಕ್ವಾರ್ಟರ್‌ಫೈನಲ್, ನಮ್ಮ ಟೈಮು ಮತ್ತೆ ರಾತ್ರಿ 12.30. ಫ್ರಾನ್ಸಿನ ಗೋಲಿ, ಅಂದರೆ ಗೋಲ್‌ಕೀಪರ್, ಲೊರಿಸ್‌ಗೆ ಅದು 143ನೇ ಪಂದ್ಯ. ಬೆಳಿಗ್ಗೆ ಏಳಕ್ಕೇ ಮೇಷ್ಟ್ರ ಫೋನು. 'ರೊಟ್ಟಿ, ನಮ್ಮ ತುರಾಮ್ ದಾಖಲೆ ಹೋಯ್ತಲ್ಲೋ.'

'ಮುರಿದಿದ್ದು ಗೋಲಿ ಸಾರ್. ಅವನೂ ಹಿಂದೆ ನಿಲ್ಲೋನೇ.'

'ಅದೂ ಸರಿ. ಮಗ ಮಾರ್ಕುಸ್ ಇದಾನಂತಲ್ಲ ಟೀಮಲ್ಲಿ? ಎಲ್ಲಿ ಆಡ್ತಾನೆ?'

'ಫಾರ್ವರ್ಡ್ ಸಾರ್.'

'ಥೂ' ಎಂದರು. ಸ್ವಲ್ಪ ಹೊತ್ತು ಬಿಟ್ಟು, 'ನಿನ್ನ ಮಗ ಏನಾಡ್ತಾನೋ?' ಎಂದು ಕೇಳಿದರು.

'ಕ್ರಿಕೆಟ್ ಸಾರ್.'

ಮೇಷ್ಟ್ರು ಫೋನ್ ಇಟ್ಟೇಬಿಟ್ಟರು.