ಪದ್ಮಿನಿಯ ಸಸ್ಪೆನ್ಷನ್: ಸ್ಪ್ರಿಂಗ್‌ಗೆ ಕೈ ಹಾಕುವುದು ಕೊನೆಗೆ

ನಮ್ಮ ಗ್ಯಾರೇಜಿಗೆ ಪ್ರೀಮಿಯರ್ ಪದ್ಮಿನಿ ಕಾರು ತಂದು ನಿಲ್ಲಿಸುವವರ ದೂರು ಎರಡೇ: ‘ತುಂಬಾ ಕುಟ್ಟುತ್ತೆ’ ಅಥವಾ ‘ತಿರುವಿನಲ್ಲಿ ವಾಲುತ್ತೆ’. ಮದ್ದನ್ನೂ ಅವರೇ ಗೊತ್ತು ಮಾಡಿಕೊಂಡು ಬಂದಿರುತ್ತಾರೆ: ಗಟ್ಟಿ ಸ್ಪ್ರಿಂಗ್, ಗ್ಯಾಸ್ ಶಾಕ್ಸ್ (ತೂಗಾಟ ಅಡಗಿಸುವ ಶಾಕ್ ಅಬ್ಸಾರ್ಬರ್), ರಬ್ಬರ್ ಬದಲಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಪಾಲಿಯುರಿಥೇನ್ ಬುಷ್, ಹಿಂದಿನ ಕಮಾನು ಪಟ್ಟಿಗೆ ಒಂದು ಪ್ಲೇಟ್ ಜಾಸ್ತಿ. ಎಲ್ಲವನ್ನೂ ಒಂದೇ ದಿನ ಹಾಕಿದರೆ ಯಾವುದು ಏನು ಮಾಡಿತು ಎಂದು ಆಮೇಲೆ ಪತ್ತೆ ಹಚ್ಚಲು ಆಗುವುದಿಲ್ಲ. ನಮ್ಮ ಕ್ರಮ ಹೀಗೆ: ಮೊದಲು ಸವೆದ ಭಾಗ, ಆಮೇಲೆ ಟೈರು, ಶಾಕ್ಸ್, ಸ್ಟೆಬಿಲೈಸರ್ ಬಾರ್ (ಎಡ-ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು). ಸ್ಪ್ರಿಂಗ್ ಕೊನೆಗೆ.

ಇದು ಫಿಯೆಟ್ 1100ಡಿ ಕಾರಿನ ಮೈಕಟ್ಟು. ಮುಂದೆ ವಿಶ್‌ಬೋನ್ (ಚಕ್ರವನ್ನು ಹಿಡಿದ ತೋಳು) ಮತ್ತು ಸುರುಳಿಯಾದ ಕಾಯಿಲ್ ಸ್ಪ್ರಿಂಗ್, ಹಿಂದೆ ಇಡೀ ಆಕ್ಸಲ್ಲನ್ನು ಹೊತ್ತ ಕಮಾನು ಪಟ್ಟಿ, ಅಂದರೆ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗ್. ಖಾಲಿ ತೂಕ ಸುಮಾರು 900 ಕೆ.ಜಿ. ಇಷ್ಟು ಹಗುರವಾದ ಗಾಡಿಯಲ್ಲಿ ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ.

ಕೆಲಸ ಶುರುವಾಗುವ ಮೊದಲು ನಾಲ್ಕೂ ಚಕ್ರದ ನಡುಬಿಂದುವಿನಿಂದ ಮಡ್ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿಯ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಡಕ್ಕೂ ಬಲಕ್ಕೂ 10 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಯಾವುದೋ ಒಂದು ಸ್ಪ್ರಿಂಗ್ ಕುಸಿದಿದೆ ಎಂದು ನಾವು ಹುಡುಕಲು ಹೊರಡುತ್ತೇವೆ.

ಕುಟ್ಟುವ ಗಾಡಿಯಲ್ಲಿ ಬೈಗುಳ ತಿನ್ನುವುದು ಶಾಕ್ಸ್. ನಿಜವಾದ ಅಪರಾಧಿ ಎಷ್ಟೋ ಸಲ ಹಿಂದಿನ ಪಟ್ಟಿಗಳ ನಡುವಿನ ತುಕ್ಕು. ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಕಚ್ಚಿಕೊಂಡರೆ ಸಣ್ಣ ಗುಂಡಿಗೆ ಪಟ್ಟಿ ಬಾಗುವುದೇ ಇಲ್ಲ, ಹೊಡೆತ ನೇರ ಸೀಟಿಗೆ ಬರುತ್ತದೆ. ಕಮಾನು ಬಿಚ್ಚಿ, ವೈರ್ ಬ್ರಷ್‌ನಿಂದ ಉಜ್ಜಿ, ತುದಿಗಳಲ್ಲಿ ಸವೆದ ಹಳ್ಳ ಇದ್ದರೆ ಗ್ರೈಂಡ್ ಮಾಡಿ, ತೆಳ್ಳಗೆ ಗ್ರಾಫೈಟ್ ಗ್ರೀಸ್ ಹಚ್ಚಿ ಕಟ್ಟುತ್ತೇವೆ. ಇದರಿಂದ ಇನ್ನೊಂದು ಬಯಲಾಗುತ್ತದೆ: ಅಲ್ಲಿಯವರೆಗೆ ಆ ತುಕ್ಕಿನ ತಿಕ್ಕಾಟವೇ ಶಾಕ್ಸ್ ಕೆಲಸ ಮಾಡುತ್ತಿತ್ತು. ಶಾಕ್ಸ್ ಸತ್ತಿದ್ದರೆ ಈಗ ಗಾಡಿ ತೊಟ್ಟಿಲಿನಂತೆ ತೂಗುತ್ತದೆ. ಕಮಾನು ಕುಸಿದಿದೆ ಎಂದು ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ಬಾಗಿಸುವವರಿದ್ದಾರೆ. ಉಕ್ಕಿನ ಹದ ಹೋಗಿ ಅದು ಬೇಗನೆ ಮತ್ತೆ ಕೂರುತ್ತದೆ, ಇಲ್ಲವೇ ಕಟ್ ಆಗುತ್ತದೆ.

ಪ್ಲೇಟ್ ಜಾಸ್ತಿ ಹಾಕುವ ಚಟ ಲಾರಿಯಿಂದ ಬಂದದ್ದು. ಐದು ಪ್ಲೇಟಿನ ಕಮಾನಿಗೆ ಅದೇ ದಪ್ಪದ, ಹೆಚ್ಚುಕಡಿಮೆ ಅದೇ ಉದ್ದದ ಆರನೆಯದು ಸೇರಿದರೆ ಬಿಗಿತ ಶೇ 20ರ ಹತ್ತಿರ ಏರುತ್ತದೆ. 6 ಮಿ.ಮೀ. ಪ್ಲೇಟುಗಳ ಜಾಗಕ್ಕೆ 7 ಮಿ.ಮೀ. ಬಂದರೆ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ಅದು ಶೇ 59. ಹಿಂಭಾಗ ಮೇಲೇಳುತ್ತದೆ, ಮೂತಿ ಬಗ್ಗುತ್ತದೆ, ಮುಂದಿನ ಚಕ್ರದ ಕ್ಯಾಸ್ಟರ್ (ಸ್ಟಿಯರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ) ಕಡಿಮೆಯಾಗಿ ಸ್ಟಿಯರಿಂಗ್ ನೇರ ರಸ್ತೆಯಲ್ಲೂ ಅಲೆಯುತ್ತದೆ. ಒಬ್ಬರೇ ಕೂತು ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿದರೆ ತಿರುವಿನಲ್ಲಿ ಹಿಂದಿನ ಚಕ್ರ ಮೊದಲು ಹಿಡಿತ ಬಿಡುತ್ತದೆ.

ಹಿಂದಿನ ಸ್ಪ್ರಿಂಗ್ ಮುಂದಿನದಕ್ಕಿಂತ ಸ್ವಲ್ಪ ಬೇಗ ತೂಗಬೇಕು ಎಂಬುದು 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಆಲಿ ಕಂಡುಕೊಂಡದ್ದು. ಪದ್ಮಿನಿಯ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2340 ಮಿ.ಮೀ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದಿನ ಚಕ್ರ ಹತ್ತಿದ ಉಬ್ಬನ್ನು ಹಿಂದಿನದು 0.14 ಸೆಕೆಂಡ್ ತಡವಾಗಿ ಹತ್ತುತ್ತದೆ. ಆ ತಡವನ್ನು ಹಿಂಭಾಗ ಬೇಗ ತೂಗಿ ತುಂಬಿಕೊಂಡರೆ ಗಾಡಿ ಮೂತಿ ಕುಣಿಸದೆ ಸಮನಾಗಿ ಏಳುತ್ತದೆ. ಆದರೆ ಈ ‘ಸ್ವಲ್ಪ’ ಎಂದರೆ ತೂಗುವ ವೇಗದಲ್ಲಿ ಹತ್ತಿಪ್ಪತ್ತು ಶೇಕಡಾ, ಅಷ್ಟೇ.

ಮುಂದಿನ ಕಾಯಿಲ್ ಕತ್ತರಿಸಿ ಗಾಡಿ ತಗ್ಗಿಸುವುದು ಇನ್ನೊಂದು ಚಟ. ಎಂಟು ಸುತ್ತಿನಲ್ಲಿ ಒಂದು ಹೋದರೆ ಬಿಗಿತ ಶೇ 14 ಏರುತ್ತದೆ. ಅದು ದೊಡ್ಡದಲ್ಲ. ಆದರೆ ಬಂಪ್ ಸ್ಟಾಪ್‌ಗೆ (ಸ್ಪ್ರಿಂಗ್ ಪೂರ್ತಿ ಅಮುಕಿದಾಗ ತಡೆಯುವ ರಬ್ಬರಿಗೆ) ಇದ್ದ ಜಾಗ ಮುಗಿದುಹೋಗಿ ಪ್ರತಿ ಹಂಪ್‌ಗೂ ರಬ್ಬರಿಗೆ ಬಡಿಯುತ್ತದೆ.

ವಾಲುವುದು ಕಡಿಮೆಯಾಗಬೇಕೆಂದರೆ ಮುಂದಿನ ಸ್ಟೆಬಿಲೈಸರ್ ಬಾರ್ ಒಳ್ಳೆಯ ದಾರಿ. ಮೊದಲು ಅದರ ರಬ್ಬರ್ ನೋಡಿ. ಬಾರ್ ರಬ್ಬರಿನೊಳಗೆ ಕೈಯಲ್ಲೇ ಅಲುಗಿದರೆ ಗಾಡಿ ಸಾಕಷ್ಟು ವಾಲುವವರೆಗೆ ಬಾರ್ ಕೆಲಸಕ್ಕೇ ಬರುವುದಿಲ್ಲ. ಈ ಜಾಗಕ್ಕೆ ಪಾಲಿಯುರಿಥೇನ್ ಸರಿ. ಕಮಾನಿನ ಕಣ್ಣಿಗೆ (ಬೋಲ್ಟ್ ಹಾಯುವ ತುದಿಯ ಬಳೆಗೆ) ಮಾತ್ರ ರಬ್ಬರೇ ಇರಲಿ, ಪಾಲಿ ಅಲ್ಲಿ ಕಿರುಗುಟ್ಟಿ ಬಿಗಿದುಕೊಳ್ಳುತ್ತದೆ. ದಪ್ಪ ಬಾರ್ ತರುವುದಾದರೆ ಲೆಕ್ಕ ತಿಳಿದಿರಲಿ: 16ರಿಂದ 18 ಮಿ.ಮೀ.ಗೆ ಹೋದರೆ ಬಿಗಿತ ಶೇ 60 ಏರುತ್ತದೆ, ಒಂದೇ ಚಕ್ರ ಗುಂಡಿಗೆ ಬಿದ್ದಾಗ ಅದೂ ಕುಟ್ಟುತ್ತದೆ.

ಶಾಕ್ಸ್‌ನಲ್ಲಿ ಎಣ್ಣೆಯ ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆ ಇರುವಂಥದ್ದು) ಈ ಗಾಡಿಗೆ ಒಪ್ಪುತ್ತದೆ. ಅಂಗಡಿಯಲ್ಲಿ ಮಲಗಿಸಿಟ್ಟದ್ದರೊಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಎಳೆದು ಒತ್ತಿ ಆಮೇಲೆ ಹಾಕಿ. ಆಕ್ಸಲ್ಲನ್ನು ಬಂಪ್ ಸ್ಟಾಪ್ ತಾಗುವಷ್ಟು ಎತ್ತಿದಾಗಲೂ ಶಾಕ್ಸ್‌ನಲ್ಲಿ 10–15 ಮಿ.ಮೀ. ಸ್ಟ್ರೋಕ್ ಉಳಿದಿರಬೇಕು. ಇಲ್ಲದಿದ್ದರೆ ಬಾಡಿಯಲ್ಲಿನ ಮೌಂಟಿಂಗ್ ಕಿತ್ತುಬರುತ್ತದೆ.

ಕಣ್ಣಿಗೆ ಬೀಳದ ತಪ್ಪು ಬೋಲ್ಟ್ ಬಿಗಿಯುವುದರಲ್ಲಿದೆ. ಗಾಡಿ ಜಾಕ್ ಮೇಲಿದ್ದು ಚಕ್ರ ನೇತಾಡುವಾಗ ಕಮಾನಿನ ಕಣ್ಣಿನ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಗಾಡಿ ಒಂದು ಸೆಂಟಿಮೀಟರ್ ಎತ್ತರ ನಿಂತು ‘ಹೊಸ ಸ್ಪ್ರಿಂಗ್ ಗಟ್ಟಿ’ ಎನ್ನಿಸುತ್ತದೆ, ರಬ್ಬರ್ ಬೇಗ ಹರಿಯುತ್ತದೆ. ಸಡಿಲವಾಗಿ ಹಾಕಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ನಾಲ್ಕು ಸಲ ಒತ್ತಿ ಕೂರಿಸಿ, ಆಮೇಲೆ ಬಿಗಿಯಿರಿ. 300 ಕಿ.ಮೀ. ಓಡಿದ ಮೇಲೆ ಕಮಾನನ್ನು ಆಕ್ಸಲ್ಲಿಗೆ ಕಟ್ಟಿದ ಯು-ಬೋಲ್ಟ್ ಮತ್ತೊಮ್ಮೆ ಬಿಗಿದು, ಅದೇ ನಾಲ್ಕು ಅಳತೆ ತೆಗೆದುಕೊಂಡು, ಅಲೈನ್‌ಮೆಂಟ್ ಅನ್ನು ಆಗ ಮಾಡಿಸಿ.